ಕರಿಜಾಲಿ

ಲೆಗ್ಯೂಮ್ ಕುಟುಂಬದ ಮುಳ್ಳಿನ ಮರ. ಶಾಸ್ತ್ರೀಯ ಹೆಸರು ವ್ಯಾಚೆಲಿಯ ನಿಲೋಟಿಕ. ಹಿಂದೆ ಅಕೇಶಿಯ ನಿಲೋಟಿಕ ಎನ್ನುತ್ತಿದ್ದರು. ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಎರೆಹೊಲಗಳ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ. ಹೂವು ಹಳದಿ ಗುಂಡು. ಕಾಯಿ ಮಣಿ ಪೋಣಿಸಿದ ಸರದಂತೆ.

ಕೆಂಗಂದು ಬಣ್ಣದ ಇದರ ಚೇಗು ಬಲು ಗಟ್ಟಿ. ಟ್ರ್ಯಾಕ್ಟರ್ ಬರುವ ಮುಂಚೆ ಈ ಸೀಮೆಯ ಒಕ್ಕಲುತನ ನಿಂತದ್ದೇ ಜಾಲಿಯ ಮೇಲೆ ಎಂದರೆ ಹೆಚ್ಚಲ್ಲ: ನೇಗಿಲು, ಕುಂಟೆ, ಕೂರಿಗೆ, ಚಕ್ಕಡಿಯ ಗಾಲಿ ಎಲ್ಲಕ್ಕೂ ಬಡಿಗರು ಇದನ್ನೇ ಆರಿಸುತ್ತಿದ್ದರು. ತೊಗಟೆ ಚರ್ಮ ಹದಮಾಡಲು, ಅಂಟು ಔಷಧಿಗೆ, ಎಳೆಕಡ್ಡಿ ಹಲ್ಲುಜ್ಜಲು ಬರುತ್ತದೆ. ಬೇಸಿಗೆಯಲ್ಲಿ ಉದುರುವ ಕಾಯಿ ಕುರಿ, ಮೇಕೆಗಳಿಗೆ ಒಳ್ಳೆಯ ಮೇವು.

ಬೀಜದ ಸಿಪ್ಪೆ ಗಡುಸು. ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಮುಂಗಾರಿಗೆ ನೇರವಾಗಿ ಊರಬಹುದು. ಮೇಕೆಯ ಹೊಟ್ಟೆ ದಾಟಿ ಬಂದ ಬೀಜವೂ ಚೆನ್ನಾಗಿ ಮೊಳೆಯುತ್ತದೆ. ಸಸಿಗೆ ಬಿಸಿಲು ಬೇಕು, ಕಳೆ ಆಗದು, ದನಗಳಿಂದ ಕಾವಲು ಬೇಕು. ಸವಳು ನೆಲವನ್ನೂ ನಿಂತ ನೀರನ್ನೂ ಸಾಕಷ್ಟು ತಾಳುವುದರಿಂದ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸವಳಾದ ಜಮೀನಿಗೂ ತಕ್ಕದ್ದು. ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೂಡಿಸುತ್ತವೆ.

ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಮೂಲದ ಬೇರೆಯೇ ಗಿಡ. ಅದನ್ನು ಕಡಿಯುವಾಗ ಬದುವಿನ ಕರಿಜಾಲಿಯನ್ನು ಗುರುತಿಸಿ ಉಳಿಸಬೇಕು.