ಹ್ಯಾಡ್ರಾನುಗಳ ಉದ್ರೇಕಿತ ಸ್ಥಿತಿಗಳು

ಪ್ರಬಲ ಬಲಕ್ಕೆ ಒಳಪಡುವ ಪ್ರೋಟಾನ್, ನ್ಯೂಟ್ರಾನ್, ಪಯಾನ್ ಮೊದಲಾದ ಕಣಗಳಿಗೆ ಹ್ಯಾಡ್ರಾನುಗಳೆಂದು ಹೆಸರು. ಇವು ಹೆಚ್ಚುವರಿ ಶಕ್ತಿ ಹೀರಿ ತಾಳುವ ಅಲ್ಪಾಯುಷಿ ರೂಪಗಳೇ ಉದ್ರೇಕಿತ ಸ್ಥಿತಿಗಳು. ಉದ್ರೇಕಗೊಂಡ ಪರಮಾಣು ಬೆಳಕು ಸೂಸಿ ಶಮನಗೊಂಡರೆ, ಇವು ಬಹುಮಟ್ಟಿಗೆ ಪಯಾನುಗಳನ್ನು ಹೊರಹಾಕಿ ಶಮನಗೊಳ್ಳುತ್ತವೆ.

ಇಂಥ ಸ್ಥಿತಿಗಳ ಬಗೆಗಿನ ಮೊದಮೊದಲ ಸೈದ್ಧಾಂತಿಕ ಸೂಚನೆಗಳಲ್ಲೊಂದು ಬಂದದ್ದು ಬೆಂಗಳೂರಿನಿಂದ. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದ ಹೋಮಿ ಭಾಭಾ, ಯುದ್ಧ ಶುರುವಾಗಿ ಕೇಂಬ್ರಿಜ್ಜಿಗೆ ಮರಳಲಾಗದೆ, ಸಿ. ವಿ. ರಾಮನ್ ಅವರಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮೆಸಾನುಗಳೆಂಬ ಕಣಗಳು ಪ್ರಬಲ ಬಲವನ್ನು ಸಾಗಿಸುತ್ತವೆ ಎನ್ನುವ ಆಗಿನ ಮೆಸಾನ್ ಸಿದ್ಧಾಂತಕ್ಕೆ ಒಂದು ತೊಡಕಿತ್ತು: ಪ್ರೋಟಾನಿಗೆ ಬಡಿದ ಮೆಸಾನುಗಳು ವಿಪರೀತವಾಗಿ ಚದುರಬೇಕೆಂದು ಲೆಕ್ಕ ಹೇಳುತ್ತಿತ್ತು, ವಿಶ್ವಕಿರಣಗಳಲ್ಲಿ ಅದು ಕಾಣುತ್ತಿರಲಿಲ್ಲ. ಧನ ಮೆಸಾನನ್ನು ಪ್ರೋಟಾನು ನುಂಗಿದರೆ ಎರಡು ಏಕಮಾನ ಆವೇಶದ ಕಣ ಆಗಬೇಕು. ಅಂಥದೊಂದು ಕಣ ಇಲ್ಲವೆಂದೇ ಲೆಕ್ಕದಲ್ಲಿ ಒಂದನ್ನೊಂದು ಅಳಿಸಬೇಕಾದ ಪದಗಳು ಅಳಿಯದೆ ಉಳಿಯುತ್ತವೆ. ಹಾಗಿದ್ದರೆ ಆ ಕಣ ಇರಲಿ, ಋಣ ಆವೇಶದ್ದೂ ಇರಲಿ ಎಂದು ಭಾಭಾ 1940ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಾದಿಸಿದರು. ಭೌತವಿಜ್ಞಾನಿ ವಾಲ್ಟರ್ ಹೈಟ್ಲರ್ ಅವರೂ ಅದೇ ಕಾಲಕ್ಕೆ ಇದೇ ಜಾಡಿನಲ್ಲಿದ್ದರು.

ತಮಾಷೆಯೆಂದರೆ, ಮೆಸಾನುಗಳೆಂದುಕೊಂಡಿದ್ದ ವಿಶ್ವಕಿರಣದ ಆ ಕಣಗಳು ಪ್ರಬಲ ಬಲವನ್ನೇ ಅರಿಯದ ಮ್ಯೂಆನುಗಳು. ಅವು ಚದುರದಿರಲು ಬೇರೆ ಕಾರಣವೇ ಬೇಕಿರಲಿಲ್ಲ. ಆ ಸಿದ್ಧಾಂತದ ನಿಜವಾದ ಮೆಸಾನಾದ ಪಯಾನು ಸಿಕ್ಕಿದ್ದು 1947ರಲ್ಲಿ. ಆದರೂ ಭಾಭಾ ಹೇಳಿದ ಎರಡು ಆವೇಶದ ಕಣ ಇತ್ತು! 1952ರ ಸುಮಾರಿಗೆ ಶಿಕಾಗೋದಲ್ಲಿ ಎನ್ರಿಕೊ ಫರ್ಮಿಯ ತಂಡ ಪ್ರೋಟಾನುಗಳ ಮೇಲೆ ಪಯಾನುಗಳನ್ನು ಹಾಯಿಸಿದಾಗ ಅದರ ಸುಳಿವು ದೊರೆಯಿತು. ಪ್ರೋಟಾನ್, ನ್ಯೂಟ್ರಾನುಗಳ ಉದ್ರೇಕಿತ ಸ್ಥಿತಿಯಾದ, ಇಂದು ಡೆಲ್ಟಾ ಎನ್ನುವ ಇದರ ರಾಶಿ ಸುಮಾರು 1232 ಎಂಇವಿ (ಪ್ರೋಟಾನಿನದು 938). ಆವೇಶಗಳು +2, +1, 0, −1. ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ಲಕ್ಷ ಕೋಟಿ ಭಾಗ ಮಾಡಿದರೆ, ಇದರ ಆಯುಷ್ಯ ಅಂಥ ಐದಾರು ಭಾಗಗಳಷ್ಟೇ.

ಎರಡು ಆವೇಶದ ಡೆಲ್ಟಾದಲ್ಲಿ ಹ್ಯಾಡ್ರಾನುಗಳ ಘಟಕಗಳಾದ ಕ್ವಾರ್ಕುಗಳಲ್ಲಿ ಒಂದೇ ಬಗೆಯ ಮೂರು ಒಂದೇ ದಿಕ್ಕಿನ ಗಿರಕಿಯೊಂದಿಗೆ ಇರುತ್ತವೆ. ಇಂಥ ಕಣಗಳು ಎಲ್ಲ ರೀತಿಯಲ್ಲೂ ಒಂದೇ ಸ್ಥಿತಿಯಲ್ಲಿ ಇರಲಾರವೆನ್ನುವ ಪೌಲಿ ನಿಯಮಕ್ಕೆ ಇದು ಒಪ್ಪದು. ಈ ಇಕ್ಕಟ್ಟೇ ಕ್ವಾರ್ಕುಗಳಿಗೆ ‘ಬಣ್ಣ’ವೆಂಬ ಗುಣ ಉಂಟೆಂಬ ಕಲ್ಪನೆಗೆ ದಾರಿ ಮಾಡಿತು. ಇಂದು ಹ್ಯಾಡ್ರಾನುಗಳ ರಾಶಿಯನ್ನು ದೇಶಕಾಲವನ್ನು ಜಾಲಕವಾಗಿ ಹೆಣೆದು ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕಹಾಕುತ್ತಾರೆ. ಭಾರತದಲ್ಲಿ ಈ ಕೆಲಸದ ಒಂದು ಮುಖ್ಯ ನೆಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಭಾಭಾ ಅದನ್ನು 1945ರಲ್ಲಿ ಆರಂಭಿಸಿದ್ದು ಬೆಂಗಳೂರಿನಲ್ಲಿ.