ಆಜೀವ ವಾರಂಟಿ: ಯಾರ ಆಯುಷ್ಯ?

'ಆಜೀವ ವಾರಂಟಿ' ಎಂದೊಡನೆ ಕಾರು ಕೊಳ್ಳುವವನ ಮನಸ್ಸು ನಿರಾಳವಾಗುತ್ತದೆ. ಆದರೆ ಆಯುಷ್ಯ ಯಾರದು? ಕಾರಿನದೋ, ಒಡೆಯನದೋ, ಬಿಡಿಭಾಗದ್ದೋ?

1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ ಈ ಪ್ರಶ್ನೆಗೆ ಬೇರೆಯದೇ ಉತ್ತರವಿತ್ತು. ಲೈಸೆನ್ಸ್ ಕಾಲದಲ್ಲಿ ರಸ್ತೆಯ ಮೇಲೆ ಹೆಚ್ಚಾಗಿ ಕಾಣುತ್ತಿದ್ದವು ಅಂಬಾಸಡರ್ ಮತ್ತು ಫಿಯಟ್. ಅವುಗಳ ಮಾದರಿ ದಶಕಗಟ್ಟಲೆ ಹೆಚ್ಚು ಬದಲಾಗಲಿಲ್ಲ. ಹೀಗಾಗಿ ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಬಿಡಿಭಾಗಕ್ಕೆ ಗುಜರಿ ಅಂಗಡಿ, ಜೋಡಿಸಲು ಪರಿಚಯದ ಮೆಕ್ಯಾನಿಕ್. ಕಾಗದಪತ್ರವಿಲ್ಲ, ಅವನ ಮಾತೇ ಖಾತರಿ.

1983ರಲ್ಲಿ ಮಾರುತಿ ಬಂತು. 1991ರ ಉದಾರೀಕರಣದ ನಂತರ ಮಾದರಿಗಳು ಹೆಚ್ಚಿದವು, ಯಂತ್ರದೊಳಗೆ ಎಲೆಕ್ಟ್ರಾನಿಕ್ಸ್ ಸೇರಿತು. ರಿಪೇರಿ ಕಂಪನಿಯ ಸರ್ವಿಸ್ ಸೆಂಟರಿನತ್ತ ಸರಿಯಿತು. ಮಾತಿನ ಜಾಗಕ್ಕೆ ಷರತ್ತುಗಳ ಕಾಗದ ಬಂತು.

ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಟೈರು, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್‌ನಂಥ ಸವೆಯುವ ಭಾಗಗಳು ಸೇರುವುದಿಲ್ಲ. ನಿಗದಿತ ಸರ್ವಿಸ್ ತಪ್ಪಿದರೆ ಹಕ್ಕು ಹೋಗಬಹುದು. ಎಷ್ಟೋ ಆಜೀವ ಯೋಜನೆಗಳು ಮೊದಲ ಮಾಲೀಕನಿಗಷ್ಟೇ ಸೀಮಿತ. ಕಾರು ಮಾರಿದ ದಿನವೇ 'ಆಯುಷ್ಯ' ಮುಗಿಯಿತು. ಕಾನೂನೂ ಕಾರಿಗೆ ಚಿರಾಯುಷ್ಯ ಕೊಟ್ಟಿಲ್ಲ: 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷ, ಬಳಿಕ ನವೀಕರಣ.

ಹಾಗಾದರೆ ಲಾಭವಿಲ್ಲವೇ? ಒಂದೇ ಕಾರನ್ನು ಬಹುಕಾಲ ಇಟ್ಟುಕೊಳ್ಳುವವನಿಗೆ, ಎಂಜಿನ್, ಗೇರ್‌ಬಾಕ್ಸ್ ಸೇರಿದ್ದರೆ, ಇದೆ. ನಾಲ್ಕೈದು ವರ್ಷಕ್ಕೇ ಮಾರುವವನು ಕೊಡುವ ಹೆಚ್ಚುವರಿ ಹಣ ದಕ್ಕುವುದು ಕಷ್ಟ. ತಯಾರಿಕೆಯ ದೋಷಕ್ಕಂತೂ 1986ರ, ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆಯಿದೆ. ಸಹಿಗೆ ಮುನ್ನ ಷರತ್ತು ಓದುವುದೇ ಜಾಣತನ.