‘ದುರ್ಗ’ ಎಂಬ ಮಾತು

ಶಿರಾದಲ್ಲಿ ಬಸ್ಸಿಗೆ ಕಾದು ನಿಂತವರನ್ನು “ಎಲ್ಲಿಗೆ ಪ್ರಯಾಣ?” ಎಂದು ಕೇಳಿದರೆ, “ದುರ್ಗಕ್ಕೆ” ಎಂಬ ಉತ್ತರ ಬರುವುದುಂಟು. ಅವರು ಹೊರಟಿರುವುದು ಕೋಟೆ ಹತ್ತುವುದಕ್ಕಲ್ಲ. ಚಿತ್ರದುರ್ಗದ ಪೇಟೆಗೋ ನೆಂಟರ ಮನೆಗೋ ಇರಬಹುದು. ಕೋಟೆಯ ಹೆಸರು ಊರಿಗೆ ನಿಂತಿದೆ. ಕೇಳಿದವರಿಗೆ ಯಾವ ಗೊಂದಲವೂ ಇಲ್ಲ. ಪದವೊಂದು ತನ್ನ ನೇರವಾದ ಅರ್ಥವನ್ನು ಬಿಟ್ಟು, ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಹೇಳುವುದನ್ನು ನಮ್ಮ ಆಲಂಕಾರಿಕರು ಲಕ್ಷಣೆ ಎಂದರು.

ಹಾಗಾದರೆ ಕೋಟೆ ಎಂಬುದಾದರೂ ಈ ಪದದ ಮೊದಲ ಅರ್ಥವೆ? ಅದೂ ಅಲ್ಲ. ಹೋಗುವುದಕ್ಕೆ ಕಷ್ಟವಾದದ್ದು ದುರ್ಗ. ವೇದದ ಭಾಷೆಯಲ್ಲಿ ಈ ಮಾತಿಗೆ ದಾಟಬೇಕಾದ ಸಂಕಟವೆಂಬ ಅರ್ಥವೂ ಉಂಟು. ಸಂಕಟದಿಂದ ಪಾರುಮಾಡುವವಳಾದ್ದರಿಂದ ದೇವಿ ದುರ್ಗೆಯಾದಳೆಂದು ಹೇಳುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯದ 7 ಅಂಗಗಳಲ್ಲಿ ದುರ್ಗವನ್ನೂ ಎಣಿಸಿ, ನೀರು, ಬೆಟ್ಟ, ಮರುಭೂಮಿ, ಕಾಡು ಎಂದು ಅದಕ್ಕೆ 4 ಬಗೆಯ ಆಸರೆಯನ್ನು ಹೇಳುತ್ತದೆ. ಗೋಡೆ ಆಮೇಲಿನದು, ಮೊದಲು ಬೇಕಾದದ್ದು ದಾಟಲಾಗದ ನೆಲ.

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಬಯಲಿನಲ್ಲಿರುವ ಶಿರಾ ಕೋಟೆಗೆ ಕಂದಕವೇ ಕಾವಲು. ಕೊರಟಗೆರೆಯ ಕಡೆ ಚನ್ನರಾಯನದುರ್ಗ, ಪಾವಗಡದ ಕಡೆ ನಿಡುಗಲ್ಲು, ಮಧುಗಿರಿಯ ಕಡೆ ಮಿಡಿಗೇಶಿ, ಇವೆಲ್ಲ ಬೆಟ್ಟದ ಕೋಟೆಗಳು. ಮಧುಗಿರಿಯಲ್ಲಂತೂ ಬಂಡೆಯೇ ಮುಕ್ಕಾಲು ಪಾಲು ಕೋಟೆ. ಸುಮಾರು 3,900 ಅಡಿ ಎತ್ತರದ ಆ ಬೆಟ್ಟವನ್ನು ಹತ್ತಿದವರಿಗೆ ‘ದುರ್ಗಮ’ ಎಂಬ ಮಾತಿನ ಅರ್ಥಕ್ಕೆ ನಿಘಂಟು ಬೇಡ, ಮೊಣಕಾಲೇ ಹೇಳುತ್ತದೆ.

ಆದರೆ ಒಳಗೆ ಬರುವುದಕ್ಕೆ ಕಷ್ಟವಾದ ಜಾಗ ಹೊರಗೆ ಹೋಗುವುದಕ್ಕೂ ಕಷ್ಟವಾದದ್ದೇ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ರಾಣಿ ವೀರಮ್ಮಾಜಿ ರಕ್ಷಣೆಯನ್ನು ಅರಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಸೆರೆಸಿಕ್ಕಿದ ಮೇಲೆ ಅವಳನ್ನು ಇರಿಸಿದ್ದು, ಆಗ ಮದ್ದಗಿರಿ ಎನಿಸಿಕೊಂಡಿದ್ದ ಈ ಮಧುಗಿರಿಯ ದುರ್ಗದಲ್ಲಿ. 1767ರಲ್ಲಿ ಮರಾಠರು ಕೋಟೆಯನ್ನು ಗೆದ್ದಾಗ ಬಿಡುಗಡೆಯೇನೋ ಆಯಿತು. ಪುಣೆಯ ದಾರಿಯಲ್ಲೇ ಅವಳು ತೀರಿಕೊಂಡಳು. ಒಂದು ದುರ್ಗ ಅವಳಿಗೆ ಆಸರೆಯ ಆಸೆ ತೋರಿಸಿತು, ಇನ್ನೊಂದು ಸೆರೆಮನೆಯಾಯಿತು. ಪದ ಒಂದೇ, ಒಳಗಿದ್ದವಳ ಪಾಲಿಗೆ ಅರ್ಥ ಮಾತ್ರ ತಲೆಕೆಳಗಾಯಿತು.

ತ.ರಾ.ಸು. ಅವರು ಚಿತ್ರದುರ್ಗದ ಪತನವನ್ನು ಕುರಿತ ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟರು. ಅಸ್ತಮಿಸುವುದು ಸೂರ್ಯ, ಕೋಟೆ ಅಸ್ತಮಿಸುವುದುಂಟೆ? 1779ರಲ್ಲಿ ಹೈದರಾಲಿಗೆ ವಶವಾದ ಆ ಕೋಟೆಯ ಕಲ್ಲುಗಳು ಇಂದಿಗೂ ಅಲ್ಲೇ ಇವೆ. ಮುಳುಗಿದ್ದು ನಾಯಕರ ಆಳ್ವಿಕೆ, ಜನರ ನಂಬಿಕೆ. ಓದುಗನಿಗೆ ಇದು ತಟ್ಟುವುದು ಕಲ್ಲಿನ ದುರ್ಗ ಕಣ್ಣ ಮುಂದೆ ನಿಂತಿರುವುದರಿಂದಲೇ.

“ಅವರ ಮನಸ್ಸು ದುರ್ಗಮ” ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಹಾಗೆ ಹೇಳುವಾಗ ಮಧುಗಿರಿಯ ಬಂಡೆಯನ್ನೊಮ್ಮೆ ನೆನೆಯುವುದು ಒಳ್ಳೆಯದು. ಒಳಗೆ ಸಿಕ್ಕಿಕೊಂಡವರೂ ಇರಬಹುದೆಂಬುದನ್ನು ಸಹ.